ಮಸ್ಕತ್ತಿಗೆ ಹೊತ್ತುಕೊಂಡು ಹೋದ ಕತ್ತರಿ

ಮಸ್ಕಿ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿ ನೋಡಿದ್ದನ್ನು ಬರೆಯುತ್ತಾರೆ. ನಾನು ನೋಡಿದ್ದು ಕಡಿಮೆ. ಅಲ್ಲಿಯವರೇ ನನ್ನನ್ನು ನೋಡಿದರು, ಚರ್ಮದ ಒಳಗಿನ ತನಕ ನೋಡಿದರು. ಓದಿ ನಗುವವರು ನಗಲಿ. ನನಗೆ ನಗು ಬರುವುದಿಲ್ಲ.

ನನ್ನ ಹೆಸರು ದುರುಗಮ್ಮ. ಮಸ್ಕಿಯಿಂದ ಬಸ್ಸಿನಲ್ಲಿ ಅರ್ಧ ತಾಸು ಹೋದರೆ ನಮ್ಮ ಊರು. ಮೂರು ಹೆಣ್ಣು ಹೆತ್ತೆ. ಸಿಂಧನೂರು ಕಡೆಯ ಕಾಲುವೆ ಗದ್ದೆಗಳಲ್ಲಿ ವರ್ಷಗಟ್ಟಲೆ ಭತ್ತದ ನಾಟಿಗೆ ಹೋದೆ. ಗಂಡ ಸತ್ತ ಮೇಲೆ ನಾಟಿ ಬಿಟ್ಟು ಮಸ್ಕಿಯ ಬಸ್ಸು ನಿಲ್ಲುವ ಕಡೆ ಮಿರ್ಚಿ ಭಜಿ ಕರಿಯಲು ಕುಳಿತೆ. ಮಾರಿ ಉಳಿದದ್ದನ್ನು ನಾನೇ ತಿಂದೆ. ಮೈ ಹೇಗಾಯಿತು ಎಂದು ಬೇರೆ ಹೇಳಬೇಕಾಗಿಲ್ಲ. ಅಕ್ಷರ ಕಲಿತದ್ದು ತಲೆ ನರೆತ ಮೇಲೆ, ಸಾಕ್ಷರತೆಯ ತರಗತಿಯಲ್ಲಿ. ಇದರ ಒತ್ತಕ್ಷರಗಳನ್ನು ಆ ತರಗತಿಯ ಮೇಷ್ಟ್ರು ತಿದ್ದಿದ್ದಾರೆ. ಅಕ್ಷರ ತಿದ್ದಿರಿ, ನಾನು ಮಾಡಿದ್ದನ್ನು ತಿದ್ದಬೇಡಿ ಎಂದು ಅವರಿಗೆ ಹೇಳಿದ್ದೆ.

ಹಿರಿಯ ಮಗಳು ಶರಣಮ್ಮ ನರ್ಸು. ಮಸ್ಕತ್ತಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಒಮ್ಮೆ ರಜೆಗೆ ಬಂದವಳು, "ಯವ್ವಾ, ಈ ಸಲ ನಿನ್ನ ಕರಕೊಂಡೇ ಹೋಗಾಕಿ ನಾನು" ಎಂದು ಹಟ ಹಿಡಿದಳು. ಊರಲ್ಲಿ ಯಾರಿಗೆ ಹೇಳಿದರೂ ಒಂದೇ ಗೋಳು.

"ಮಸ್ಕತ್ತಿಗೆ ಹೊಂಟೀನಿ" ಎಂದೆ ಪಕ್ಕದ ಮನೆಯ ಗಂಗವ್ವನಿಗೆ.

"ಮಸ್ಕಿಗ್ಯಾ? ದಿನಾ ಹೋಗ್ತೀಯಲ್ಲ ಬೇ, ಅದನ್ನೇನು ದೊಡ್ಡದು ಮಾಡಿ ಹೇಳ್ತಿ? ಬರುವಾಗ ಉಳ್ಳಾಗಡ್ಡಿ ತಗೊಂಡು ಬಾ."

"ಮಸ್ಕಿ ಅಲ್ಲಲೇ, ಮಸ್ಕತ್ತು. ಸಮುದ್ರದ ಆಚಿ ಕಡಿ."

"ಅಲ್ಲೂ ಉಳ್ಳಾಗಡ್ಡಿ ಸಿಗ್ತಾವಲ್ಲ," ಎಂದಳು ಗಂಗವ್ವ.

ಮಗಳು ನನ್ನನ್ನು ಕರೆದೊಯ್ದದ್ದು ಸಮುದ್ರ ತೋರಿಸಲಿಕ್ಕಲ್ಲ. ನನ್ನ ಹೊಟ್ಟೆಗಾಗಿ. ನನ್ನ ಹೊಟ್ಟೆಯಲ್ಲಿ ಒಂದು ಕತ್ತರಿ ಇದೆ ಎಂದು ಸುತ್ತಲಿನ ನಾಲ್ಕು ಹಳ್ಳಿಗೆ ಗೊತ್ತಿತ್ತು. ಹಾಗೆಂದು ಗೊತ್ತುಮಾಡಿಸಿದವಳು ನಾನು.

ಸಿಂಧನೂರು

ರಾಯಚೂರಿಗೆ ಹೋಗುವ ಬಸ್ಸು ಸಿಂಧನೂರಿನಲ್ಲಿ ಬಹಳ ಹೊತ್ತು ನಿಂತಿತು. ಅಕ್ಕಿ ಗಿರಣಿಯ ತೌಡಿನ ಧೂಳು ಕಿಟಕಿಯೊಳಗೆ ಬರುತ್ತಿತ್ತು. ಮಗಳು ಇಳಿದು ಚಹಾ ತರಲು ಹೋದಳು. ನಾನು ರಸ್ತೆಯ ಆಚೆ ಕಡೆ ನೋಡಲಿಲ್ಲ. ಅಲ್ಲಿ ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ, ಹಿಂದೆ ಒಂದು ಸ್ಕ್ಯಾನಿಂಗ್ ಮಷಿನ್ ಇತ್ತು. ನನ್ನ ಹೊಟ್ಟೆಗೆ ಕತ್ತರಿ ಹೊಕ್ಕದ್ದು ಅಲ್ಲಿ.

ನಡೆದದ್ದು ಹೀಗೆ. ಎಂಬತ್ತರ ಸುಮಾರಿಗೆ, ಮೂರನೆಯ ಮಗಳು ಇನ್ನೂ ಕೈಗೂಸು, ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡೆ. ನಾನು, ನನ್ನ ಗಂಡ ಇಬ್ಬರೇ ಮಾತಾಡಿಕೊಂಡಿದ್ದೆವು. ನಾನೇ ನಮ್ಮೂರ ನರ್ಸಮ್ಮನ ಮನೆಗೆ ಹೋಗಿ, ನನ್ನ ಹೆಸರು ಬರೆಸಿರಿ ಎಂದು ಕೈ ಮುಗಿದಿದ್ದೆ. ಅತ್ತೆಗೆ ಗಂಡು ಮೊಮ್ಮಗ ಬೇಕಿತ್ತು. ವಿಷಯ ತಿಳಿದು ಆಕೆ ಬಡಿಗೆ ಎತ್ತಿದಾಗ ನಾನು, "ನನಗೇನು ಗೊತ್ತು, ನರ್ಸಮ್ಮ ಪುಸಲಾಯಿಸಿ ಕರಕೊಂಡು ಹೋದ್ಲು" ಎಂದೆ. ಗಂಡ ಬಾಯಿ ಬಿಡಲಿಲ್ಲ. ಅದು ಮೊದಲನೆಯ ಸುಳ್ಳು.

ಆ ನರ್ಸಮ್ಮ ಸರೋಜಮ್ಮ. ಆಗ ನಾನು 'ಅವಳು' ಎನ್ನುತ್ತಿದ್ದೆ, ಈಗ 'ಅವರು' ಎಂದು ಬರೆಯುತ್ತೇನೆ. ನಮ್ಮೂರಲ್ಲಿ ಹೆರಿಗೆ ಮಾಡಿಸುವವರು, ಕೂಸುಗಳಿಗೆ ಸೂಜಿ ಹಾಕುವವರು ಅವರೊಬ್ಬರೇ. ನನ್ನ ಶರಣಮ್ಮ ಹತ್ತನೆಯ ಇಯತ್ತೆ ಮುಗಿಸಿ ಮನೆಯಲ್ಲಿ ಕುಳಿತಾಗ ನರ್ಸಿಂಗ್ ಶಾಲೆಯ ಅರ್ಜಿ ತುಂಬಿದವರು ಅವರೇ. ತಾವೇ ಜೊತೆಗೆ ರಾಯಚೂರಿನ ತನಕ ಹೋಗಿ ಬಂದರು.

ಕೆಲವು ವರ್ಷಗಳ ಮೇಲೆ ನನಗೆ ಹೊಟ್ಟೆ ನೋವು ಶುರುವಾಯಿತು. ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡುತ್ತಿತ್ತು, ಬೆನ್ನಿಗೆ ಹೋಗುತ್ತಿತ್ತು, ವಾಂತಿ ಬರುತ್ತಿತ್ತು. ಸಿಂಧನೂರಿನ ಡಾಕ್ಟರು ಹೊಟ್ಟೆಗೆ ತಣ್ಣನೆಯ ಅಂಟು ಬಳಿದು, ವೈರಿನ ತುದಿಯ ಒಂದು ಗುಂಡಿ ಇಟ್ಟು ಆಡಿಸಿದರು. ಟಿವಿಯಲ್ಲಿ ಬೂದಿ ಬಣ್ಣದ ಮಬ್ಬು.

"ಕೊಬ್ಬು ಭಾಳ ಐತಮ್ಮ. ಏನೂ ಛಲೋ ಕಾಣವಲ್ದು," ಎಂದರು ಡಾಕ್ಟರು. "ಇಲ್ಲೊಂದು ನೆಳ್ಳು ಬಿದ್ದೈತಿ. ನೆಳ್ಳು ಐತಿ ಅಂದ್ರ ಏನೋ ಗಟ್ಟಿ ಇರಬೇಕು. ಏನಂತ ಹೇಳಾಕ ಬರಂಗಿಲ್ಲ."

"ಆಪರೇಷನ್ ಮಾಡಿದಾಗ ಕತ್ತರಿ ಗಿತ್ತರಿ ಬಿಟ್ಟಿರಬೌದೇನ್ರೀ?"

ಹಿಂದಿನ ವಾರವಷ್ಟೇ ಯಾರೋ ಸಂತೆಯಲ್ಲಿ ಅಂಥದೊಂದು ಸುದ್ದಿ ಹೇಳಿದ್ದರು. ಅದಕ್ಕೇ ಕೇಳಿದೆ.

ಡಾಕ್ಟರು ಕೈ ಒರೆಸಿಕೊಳ್ಳುತ್ತ, "ಇರಬೌದು, ಇಲ್ಲದಿರಬೌದು. ರಾಯಚೂರಿಗೆ ಹೋಗಿ ಎಕ್ಸರೇ ತಗಸು. ಕಬ್ಬಿಣ ಇದ್ರ ಕಂಡೇ ಕಾಣ್ತೈತಿ," ಎಂದರು.

ಮಹಡಿಯ ಮೆಟ್ಟಿಲು ಇಳಿಯುವಾಗ ನನ್ನ ಕೈಯಲ್ಲಿ ಆ ಮಾತಿನ ಮೊದಲ ತುಂಡು ಮಾತ್ರ ಇತ್ತು. ಉಳಿದದ್ದನ್ನು ಮರೆಯಲಿಲ್ಲ, ಬಿಟ್ಟು ಬಂದೆ. ಬಸ್ಸಿನಲ್ಲಿ ಪಕ್ಕದವಳಿಗೆ "ಕತ್ತರಿ ಇರಬೌದಂತ" ಎಂದೆ. ಮಸ್ಕಿಯಲ್ಲಿ ಭಜಿ ಕಟ್ಟಿಕೊಡುತ್ತ "ಐತಂತ" ಎಂದೆ. ಊರಿಗೆ ಬಂದಾಗ ಅತ್ತೆಯ ಮುಂದೆ "ಐತಿ" ಎಂದೆ. ಅತ್ತೆ ಆವತ್ತು ನನ್ನ ತಲೆ ಸವರಿದಳು. ಮದುವೆಯಾಗಿ ಬಂದ ಮೇಲೆ ಅದೇ ಮೊದಲು. ಎಕ್ಸರೇ ತೆಗೆಸಲು ನಾನು ಹೋಗಲೇ ಇಲ್ಲ.

ಪುಸಲಾಯಿಸಿ ಕರೆದೊಯ್ದವಳು ನರ್ಸಮ್ಮ ಎಂಬ ನನ್ನ ಮೊದಲ ಸುಳ್ಳು ಊರಿಗೆ ನೆನಪಿತ್ತು. ಹೆಂಗಸರು ಸರೋಜಮ್ಮನವರ ಹತ್ತಿರ ಕೂಸು ಒಯ್ಯುವುದನ್ನು ಬಿಟ್ಟರು. ಹುಡುಗರು ಹಿಂದಿನಿಂದ "ಕತ್ತರಿ ನರ್ಸಮ್ಮ" ಎಂದು ಕೂಗಿದರು. ಯಾರೋ ಅವರ ಬಾಗಿಲಿಗೆ ತುಕ್ಕು ಹಿಡಿದ ಕತ್ತರಿ ಕಟ್ಟಿ ಹೋದರು. ಅವರು ತಾವೇ ಕೇಳಿಕೊಂಡು ಲಿಂಗಸುಗೂರು ಕಡೆಗೆ ವರ್ಗ ಮಾಡಿಸಿಕೊಂಡರು. ಹೋಗುವ ದಿನ ಟ್ರಂಕು ಇಟ್ಟುಕೊಂಡು ಮಸ್ಕಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ನನ್ನ ಬಾಣಲೆಯ ಮುಂದೆ ಬಂದು ನಿಂತರು.

"ದುರುಗಮ್ಮ, ಎಕ್ಸರೇ ತಗಸಿದೇನ?"

ನಾನು ಭಜಿ ಮಗುಚಿದೆ. ತಲೆ ಎತ್ತಲಿಲ್ಲ. ಅವರ ಬಸ್ಸು ಬಂತು.

ವಿಮಾನ, ಆಮೇಲೆ ಚಟ್ನಿ

ವಿಮಾನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮುಂಬಯಿಯಿಂದ ಹತ್ತಿದೆವು. ಚಪ್ಪಲಿ ಹೊರಗೆ ಬಿಡಲು ಹೋದೆ, ಮಗಳು ರಟ್ಟೆ ಹಿಡಿದು ಒಳಗೆ ಎಳೆದಳು. ಸೊಂಟದ ಪಟ್ಟಿ ನನಗೆ ಸಾಲಲಿಲ್ಲ. ಕೆಲಸದ ಹುಡುಗಿ ಇನ್ನೊಂದು ತುಂಡು ಪಟ್ಟಿ ತಂದು ಜೋಡಿಸಿದಳು. ಎತ್ತಿನ ಹಗ್ಗಕ್ಕೆ ತುಂಡು ಕಟ್ಟಿದ ಹಾಗೆ. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಉಳಿದಂತೆ ವಿಮಾನ ಎಂದರೆ ಕಿಟಕಿ ತೆರೆಯದ ಬಸ್ಸು.

ಮಸ್ಕತ್ತಿನಲ್ಲಿ ಇಳಿದಾಗ ಬಿಳಿ ನಿಲುವಂಗಿಯ ಅಧಿಕಾರಿ ನನ್ನ ಗಂಟು ಬಿಚ್ಚಿಸಿದ. ಒಳಗೆ ಕಟಕ ರೊಟ್ಟಿ, ಡಬ್ಬಿಯಲ್ಲಿ ಗುರೆಳ್ಳು ಚಟ್ನಿಪುಡಿ. ಕರ್ರಗಿನ ಪುಡಿ ನೋಡಿ ಅವನ ಹುಬ್ಬು ಗಂಟಾಯಿತು. ಇನ್ನಿಬ್ಬರನ್ನು ಕರೆದ. ಮೂವರೂ ಡಬ್ಬಿಯ ಸುತ್ತ ನಿಂತು ಮೂಸಿದರು. ಮಗಳು ಅವರ ಭಾಷೆಯಲ್ಲಿ ಏನೇನೋ ಹೇಳಿದಳು, ನಂಬಲಿಲ್ಲ. ನಾನು ಒಂದು ರೊಟ್ಟಿ ಮುರಿದು, ಪುಡಿ ಹಚ್ಚಿ, ಅವರ ಎದುರಿಗೇ ತಿಂದೆ. ಇನ್ನೊಂದು ತುಂಡು ಅವನ ಕೈಗೆ ಕೊಟ್ಟೆ. ಅವನೂ ತಿಂದ. ಕಣ್ಣಲ್ಲಿ ನೀರು ಬಂತು, ಮೂಗಲ್ಲೂ ಬಂತು. ಉಳಿದವರು ಬಿದ್ದು ಬಿದ್ದು ನಕ್ಕರು.

"ಯವ್ವಾ, ಸರಕಾರಿ ಮನಷ್ಯಾಗ ಖಾರ ತಿನಿಸಿದೆಲ್ಲ! ಹಿಡಕೊಂಡು ಹೋಗಿದ್ರ?" ಎಂದಳು ಮಗಳು ಹೊರಗೆ ಬಂದ ಮೇಲೆ.

"ಹಿಡಕೊಂಡು ಹೋದ್ರ ಹೊಟ್ಟಿಯೊಳಗಿನ ಕತ್ತರಿನೂ ಜಪ್ತಿ ಮಾಡ್ತಿದ್ರು ಬಿಡು," ಎಂದೆ.

ಮಗಳು ನಗಲಿಲ್ಲ. ಕತ್ತರಿಯ ಮಾತು ಬಂದಾಗ ಅವಳು ಎಂದೂ ನಕ್ಕವಳಲ್ಲ. ಸಿಟ್ಟನ್ನೂ ಮಾಡಿದವಳಲ್ಲ. ಸುಮ್ಮನೆ ಬೇರೆ ಕಡೆ ನೋಡುತ್ತಿದ್ದಳು.

ಮಸ್ಕತ್ತು, ಕಾಫಿ ಕುಡಿದ ದಿನ

ಊರಿನ ಸುತ್ತ ಗುಡ್ಡ. ಮಸ್ಕಿಯ ಗುಡ್ಡದ ಹಾಗೇ ಬರೀ ಬಂಡೆ, ಆದರೆ ಕಂದು ಬಣ್ಣ. ಮನೆಗಳೆಲ್ಲ ಬಿಳಿ. ಬೀದಿಯಲ್ಲಿ ಕಸ ಇಲ್ಲ, ನಾಯಿ ಇಲ್ಲ, ಜಗಳವೂ ಇಲ್ಲ. ಎರಡು ದಿನಕ್ಕೆ ಬೇಸರವಾಯಿತು.

ಮೂರನೆಯ ದಿನ ಮಗಳು ಆಸ್ಪತ್ರೆಗೆ ಹೊರಡಿಸಿದಳು. ಆ ವಾರ ಅಲ್ಲಿಗೆ ಹೊಸ ಸ್ಕ್ಯಾನಿಂಗ್ ಮಷಿನ್ ಬಂದಿತ್ತು. ಮಾಡಿದ ಕಂಪನಿಯ ಬಿಳಿಯನೊಬ್ಬ ಅದರ ಕೆಲಸ ತೋರಿಸಲು ಬಂದಿದ್ದ. ತೋರಿಸಲು ಒಂದು ಹೊಟ್ಟೆ ಬೇಕಿತ್ತು.

"ಸಿಟ್ಟಾಗಬ್ಯಾಡ ಯವ್ವಾ," ಎಂದಳು ಮಗಳು. "ತೆಳ್ಳಗಿನವ್ರಿಗೆ ಹಳೇ ಮಷಿನ್ನೇ ಸಾಕು. ದಪ್ಪ ಇದ್ದೋರ ಮ್ಯಾಲೆ ಇಟ್ರನ ಹೊಸಾದರ ತಾಕತ್ತು ತಿಳಿಯೂದು. ನಿನ್ನ ಹೆಸರು ಕೊಟ್ಟೀನಿ."

"ಇಡೀ ಮಸ್ಕತ್ತಿನಾಗ ನಾನೇ ದಪ್ಪೇನ?"

"ನನ್ನ ಪರಿಚಯದೋರಾಗ ನೀನೇ."

"ಏನ ಮಷಿನ್ನದು?"

"ಹಾರ್ಮೋನಿಕ್ ಅಂತಾರ."

ನಾನು ಹಾರ್ಮೋನಿಯಂ ಎಂದು ಕೇಳಿಸಿಕೊಂಡೆ. ನಮ್ಮ ಮಠದ ಭಜನೆಯ ಪೆಟ್ಟಿಗೆ ಕಣ್ಣ ಮುಂದೆ ಬಂತು. ಹೊಟ್ಟೆ ನೋವಿಗೆ ಪೆಟ್ಟಿಗೆ ಬಾರಿಸುತ್ತಾರೆ ಎಂದರೆ ಪರದೇಶದವರು ಏನು ಬೇಕಾದರೂ ಮಾಡುತ್ತಾರೆ ಅಂದುಕೊಂಡು ಸುಮ್ಮನಾದೆ.

ಬೆಳಗ್ಗಿನಿಂದ ಏನೂ ತಿನ್ನಬೇಡ ಎಂದು ಮಗಳು ತಾಕೀತು ಮಾಡಿದ್ದಳು. ತಿನ್ನಲಿಲ್ಲ. ನನ್ನನ್ನು ಹೆಂಗಸರು ಕೂಡುವ ಕೋಣೆಯಲ್ಲಿ ಕೂಡಿಸಿ ಕೆಲಸಕ್ಕೆ ಹೋದಳು. ಅಲ್ಲಿ ಮೂಗಿನ ಮೇಲೆ ಕರಿ ಮುಖವಾಡ ಕಟ್ಟಿಕೊಂಡ ಒಬ್ಬ ಮುದುಕಿ ಕುಳಿತಿದ್ದಳು. ಬುತ್ತಿಯ ಹಾಗೆ ಖರ್ಜೂರ ಬಿಚ್ಚಿಟ್ಟುಕೊಂಡು, ಕೊಕ್ಕಿನ ಗಿಂಡಿಯಿಂದ ಪುಟ್ಟ ಬಟ್ಟಲಿಗೆ ಕಾಫಿ ಹಾಕಿ ಚಾಚಿದಳು. ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿಯ ವಾಸನೆ. ಕೊಟ್ಟದ್ದನ್ನು ಒಲ್ಲೆ ಎಂದರೆ ಏನು ತಿಳಿದುಕೊಳ್ಳುತ್ತಾಳೋ ಎಂದು ಕುಡಿದೆ. ಮತ್ತೆ ಹಾಕಿದಳು. ಮತ್ತೆ ಕುಡಿದೆ. ನಮ್ಮಲ್ಲಿ ಸಾಕಾದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಹಿಡಿದೆ. ಅವಳು ನನ್ನ ಕೈಯನ್ನು ಪ್ರೀತಿಯಿಂದ ಸರಿಸಿ ಮತ್ತೆ ಹಾಕಿದಳು. ಎಂಟು ಬಟ್ಟಲಾಯಿತು. ಒಂದೊಂದಕ್ಕೂ ಒಂದು ಖರ್ಜೂರ. ನೆಲ ಒರೆಸುವ ಹೆಂಗಸು ನೋಡಿ ನಕ್ಕು, ಬಟ್ಟಲನ್ನು ಹೀಗೆ ಅಲ್ಲಾಡಿಸಬೇಕು ಎಂದು ಕೈಸನ್ನೆ ಮಾಡಿದಳು. ಅಲ್ಲಾಡಿಸಿದೆ. ಮುದುಕಿ ತಕ್ಷಣ ಗಿಂಡಿ ಕೆಳಗಿಟ್ಟಳು.

ಅಷ್ಟರಲ್ಲಿ ಮಗಳು ಬಂದಳು. ನನ್ನ ಮುಂದೆ ಎಂಟು ಬೀಜ.

"ಖಾಲಿ ಹೊಟ್ಟಿ ಇರು ಅಂದ್ರ, ಇದೇನ ಯವ್ವಾ!"

"ತಿಂದಿಲ್ಲ ಬೇ. ಅವರು ಕೊಟ್ರು."

ಬಿಳಿಯ ಕೈಚೆಲ್ಲಿ ನಕ್ಕ. ನಾಳೆ ಬನ್ನಿ ಎಂದರು. ಅಷ್ಟು ಮಂದಿ ಡಾಕ್ಟರುಗಳು ನನಗಾಗಿ ಕಾದು ಎದ್ದು ಹೋದರು. ಮಗಳು ಒಬ್ಬೊಬ್ಬರ ಮುಂದೆಯೂ ತಲೆ ತಗ್ಗಿಸಿ ಕ್ಷಮೆ ಕೇಳಿದಳು. ಮಾಡುವವಳು ನಾನು, ತಲೆ ತಗ್ಗಿಸುವವರು ಬೇರೆಯವರು. ನನಗೆ ಆ ರೂಢಿ ಹಳೆಯದು.

ಮರುದಿನ

ಕೋಣೆ ಕತ್ತಲು. ಸೀರೆ ಬಿಚ್ಚಿಸಿ, ಹಿಂದೆ ಲಾಡಿ ಕಟ್ಟುವ ಒಂದು ಅಂಗಿ ತೊಡಿಸಿದರು. ಅದೂ ಸಾಲಲಿಲ್ಲ. ಗೋಡೆಗೆ ಆತು ಐದಾರು ಮಂದಿ ಡಾಕ್ಟರು, ಮಧ್ಯದಲ್ಲಿ ಬಿಳಿಯ. ಇಷ್ಟು ಗಂಡಸರ ಮುಂದೆ ಹೊಟ್ಟೆ ತೆರೆದು ಮಲಗಿದ್ದು ನಾಚಿಕೆ ಅಲ್ಲವೇ ಎಂದು ಗಂಗವ್ವ ಆಮೇಲೆ ಕೇಳಿದಳು. ನಾಚಿಕೆ ಆಯಿತು. ಆದರೆ ಅದು ಸಣ್ಣದು.

ಗುಂಡಿ ಹಿಡಿದವನು ಖಾಜಾ, ಹೈದರಾಬಾದಿನವ. ಅವನ ಉರ್ದು ನಮ್ಮ ಮಸ್ಕಿ ಸಂತೆಯ ಉರ್ದುವಿನಂಥದೇ. ಆ ದೇಶದಲ್ಲಿ ನನ್ನ ಕಿವಿಗೆ ತಂಪಾದ ಮೊದಲ ಮಾತು ಅವನದು.

"ಅಮ್ಮಾಂ, ಹಿಲೋ ನಕ್ಕೋ," ಎಂದ. ಅಲ್ಲಾಡಬೇಡ ಎಂದು.

"ಹಾರ್ಮೋನಿಯಂ ಎಲ್ಲೈತಿ?" ಎಂದೆ ಮಗಳಿಗೆ.

ಮಗಳು ಹೇಳಿದ್ದನ್ನು ಕೇಳಿ ಖಾಜಾ ನಕ್ಕ. ಆಮೇಲೆ, ಹೆಸರು ತಪ್ಪಾದರೂ ಅಮ್ಮ ದೂರ ಹೋಗಿಲ್ಲ ಎಂದ. ಕೆಳಗಿನ ಸಾ ಒತ್ತಿದರೆ ಮೇಲಿನ ಸಾ ಕೂಡ ತಾನಾಗಿ ನುಡಿಯುವ ಪೆಟ್ಟಿಗೆಗಳು ಇವೆಯಲ್ಲ, ಇದೂ ಹಾಗೇ, ನೋಡುತ್ತಿರು ಎಂದ.

ಮೊದಲು ಹಳೆಯ ರೀತಿಯಲ್ಲಿ ತೋರಿಸಿದ. ಟಿವಿಯಲ್ಲಿ ಬೂದಿ ಬಣ್ಣದ ಮಬ್ಬು. ಹತ್ತು ವರ್ಷದ ಹಿಂದೆ ಸಿಂಧನೂರಿನಲ್ಲಿ ಕಂಡದ್ದೇ ಮಬ್ಬು, ಅದರಲ್ಲಿ ಅದೇ ಕರಿ ನೆರಳು. ಬಿಳಿಯ ಏನೋ ಹೇಳಿದ. ಖಾಜಾ ಒಂದು ಕೀಲಿ ಒತ್ತಿದ.

ಬಾಣಲೆಯ ಮೇಲಿನ ಹೊಗೆ ಗಾಳಿಗೆ ಸರಿದ ಹಾಗೆ ಮಬ್ಬು ಸರಿಯಿತು. ಕರಿ ಚೀಲದಂಥದು ಕಂಡಿತು. ಅದರ ತುಂಬ ಹುರಿಗಡಲೆ ಹಾಕಿದ ಹಾಗೆ ಬಿಳಿ ಕಾಳು. ಕಾಳಿನ ಹಿಂದೆ ನೆರಳು. ಗೋಡೆಗೆ ಆತ ಡಾಕ್ಟರುಗಳೆಲ್ಲ ಒಟ್ಟಿಗೆ ಮುಂದೆ ಬಾಗಿದರು.

"ಕತ್ತರಿ ಎಲ್ಲಿ?" ಎಂದೆ.

ಖಾಜಾನಿಗೆ ಅರ್ಥವಾಗಲಿಲ್ಲ. ನಾನೇ ಉರ್ದುವಿನಲ್ಲಿ, "ಕೈಂಚಿ, ಕೈಂಚಿ" ಎಂದೆ.

"ಕೌನ್ಸಿ ಕೈಂಚಿ ಅಮ್ಮಾಂ?" ಎಂದು ಅವನು ನಗತೊಡಗಿದ. ಮಗಳ ಮುಖ ನೋಡಿ ನಿಲ್ಲಿಸಿದ. ಮಗಳು ಅವನಿಗೆ ಮೆಲ್ಲಗೆ ಎಲ್ಲ ಹೇಳಿದಳು. ಅವನು ಗುಂಡಿಯನ್ನು ಕೆಳಗೆ ಇಳಿಸಿ, ಹೊಕ್ಕಳ ಸುತ್ತ, ಹಳೆಯ ಹೊಲಿಗೆಯ ಗುರುತಿನ ಸುತ್ತ, ಆ ಮಗ್ಗುಲು ಈ ಮಗ್ಗುಲು ಹುಡುಕಿದ. ಕಳೆದ ಸೂಜಿ ಹುಡುಕುವ ಹಾಗೆ ನಿಧಾನವಾಗಿ ಹುಡುಕಿದ.

"ಕೈಂಚಿ ನಹೀಂ ಅಮ್ಮಾಂ. ಪತ್ಥರ್ ಹೈ. ಸಿರ್ಫ್ ಪತ್ಥರ್."

"ಹರಳು ಯವ್ವಾ. ಪಿತ್ತದ ಚೀಲದಾಗ," ಎಂದಳು ಮಗಳು. "ಆಪರೇಷನ್ ಆದದ್ದು ಹೊಕ್ಕಳ ಕೆಳಗ. ಇದು ಇರೂದು ಪಕ್ಕಡಿ ಬುಡಕ. ಅದಕೂ ಇದಕೂ ಸಂಬಂಧನ ಇಲ್ಲ."

"ನಿನಗ ಮೊದಲ ಗೊತ್ತಿತ್ತೇನ?"

"ಅನುಮಾನ ಇತ್ತು. ನಾ ಹೇಳಿದ್ರ ನಂಬ್ತಿದ್ದೇನು? ಸರೋಜಮ್ಮನ ಕಡೆಯಾಕಿ ಅಂತಿದ್ದಿ."

ಅನ್ನುತ್ತಿದ್ದೆ.

ಮಬ್ಬು ಎಲ್ಲಿ ಹೋಯಿತು ಎಂದು ಖಾಜಾನನ್ನು ಕೇಳಿದೆ. ಕೇಳದಿದ್ದರೆ ಅಲ್ಲೇ ಅಳುತ್ತಿದ್ದೆ. ಅವನು ಅಂಟು ಒರೆಸುತ್ತ ಹೇಳಿದ, ನನ್ನ ಮಾತನ್ನೂ ಅವನ ಮಾತನ್ನೂ ಮಗಳು ತಿರುಗಿಸಿ ಹೇಳಿದಳು. ಮಷಿನ್ ಹೊಟ್ಟೆಯೊಳಕ್ಕೆ ಒಂದು ಸದ್ದು ಕಳಿಸುತ್ತದೆ. ಕಿವಿಗೆ ನಿಲುಕದಷ್ಟು ಮೇಲಿನ ಸ್ವರ. ಸದ್ದು ಎಂದರೆ ಒತ್ತು, ಸಡಿಲು, ಒತ್ತು, ಸಡಿಲು. ಜೋರಾದ ಸದ್ದು ಮೈಯೊಳಗೆ ಹೋಗುತ್ತ ಹೋಗುತ್ತ ಒತ್ತಿನ ಭಾಗ ಬೇಗ ಓಡುತ್ತದೆ, ಸಡಿಲಿನ ಭಾಗ ಹಿಂದೆ ಬೀಳುತ್ತದೆ. ಹಾಗಾಗಿ ಸದ್ದಿನ ಆಕಾರವೇ ಕೆಟ್ಟು ಮುಂದಕ್ಕೆ ವಾಲುತ್ತದೆ.

ಇದು ನನಗೆ ಕೂಡಲೇ ತಿಳಿಯಿತು. ಕಾಲುವೆಗೆ ನೀರು ಬಿಟ್ಟ ದಿನ ನೋಡಿದವರಿಗೆ ತಿಳಿಯುತ್ತದೆ. ತೂಬು ಎತ್ತಿದಾಗ ನೀರು ಮೆತ್ತಗೆ ಇಳಿಜಾರಾಗಿ ಹೊರಡುತ್ತದೆ. ಹಿಂದಿನ ಆಳದ ನೀರು ಬೇಗ ಬಂದು ಮುಂದಿನ ತೆಳು ನೀರನ್ನು ಹಿಡಿಯುತ್ತದೆ. ನಮ್ಮ ಗದ್ದೆಯ ಹತ್ತಿರ ಬರುವ ಹೊತ್ತಿಗೆ ಮೊಳಕಾಲೆತ್ತರದ ಗೋಡೆ ಎದ್ದು ಬರುತ್ತಿರುತ್ತದೆ. ಬಿಟ್ಟವನು ಅಲ್ಲಿ ಗೋಡೆ ಬಿಟ್ಟಿರುವುದಿಲ್ಲ.

ಹಾಗೆ ವಾಲಿದ ಸದ್ದಿನ ಒಳಗೆ ಇನ್ನೊಂದು ಸದ್ದು ಹುಟ್ಟುತ್ತದೆ ಎಂದ ಖಾಜಾ. ಕಳಿಸಿದ್ದಕ್ಕಿಂತ ಎರಡು ಪಟ್ಟು ಮೇಲಿನ ಸ್ವರ, ಆ ಪೆಟ್ಟಿಗೆಯ ಮೇಲಿನ ಸಾ. ಹಳೆಯ ಮಷಿನ್ ತಾನು ಕಳಿಸಿದ ಸದ್ದನ್ನೇ ಕೇಳುತ್ತಿತ್ತು. ಅದು ಚರ್ಮದ ಕೆಳಗಿನ ಕೊಬ್ಬಿನಲ್ಲೇ ಅತ್ತಿತ್ತ ಬಡಿದು ಗೊಂದಲವಾಗುತ್ತಿತ್ತು, ಅದೇ ಮಬ್ಬು. ಹೊಸದು ಕಳಿಸಿದ್ದನ್ನು ಬಿಟ್ಟು, ಒಳಗೆ ಹುಟ್ಟಿದ್ದನ್ನು ಮಾತ್ರ ಕೇಳುತ್ತದೆ. ಒಳಗೆ ಹುಟ್ಟಿದ್ದಕ್ಕೆ ಮೇಲಿನ ಕೊಬ್ಬಿನ ಗೊಂದಲ ಅಷ್ಟಾಗಿ ಅಂಟಿರುವುದಿಲ್ಲ.

"ಯಾವದು ಕಳಿಸಿದ್ದು, ಯಾವದು ನಡುವ ಹುಟ್ಟಿದ್ದು, ಅದಕ್ಹೆಂಗ ಗೊತ್ತಾಗ್ತೈತಿ?" ಎಂದೆ.

"ಕಳಿಸಿದ್ದು ಅದೇ ಅಲ್ಲವೇ ಅಮ್ಮಾಂ," ಎಂದ. "ತಾನು ಏನು ಕಳಿಸಿದೆ ಎಂದು ಅದಕ್ಕೆ ನೆನಪಿರುತ್ತದೆ."

ನಾನು ಗೋಡೆಯ ಕಡೆ ಹೊರಳಿದೆ. ನನಗೂ ನೆನಪಿತ್ತು. ಸಿಂಧನೂರಿನ ಮೆಟ್ಟಿಲ ಮೇಲೆ ನಾನು ಬಿಟ್ಟದ್ದು 'ಇರಬೌದು'. ಊರು ಮುಟ್ಟಿ ನನ್ನ ಕಿವಿಗೆ ಮರಳಿದ್ದು ಕಬ್ಬಿಣದ ಕತ್ತರಿ. ನಡುವೆ ಏನು ಹುಟ್ಟಿತು ಎಂದು ನನಗೆ ಗೊತ್ತಿತ್ತು. ಹುಟ್ಟಲಿ ಎಂದೇ ಬಿಟ್ಟಿದ್ದೆ.

ಎಕ್ಸರೇಯನ್ನೂ ತೆಗೆದರು. ಕಬ್ಬಿಣ ಇರಲಿಲ್ಲ. ಮುಂದಿನ ವಾರ ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ ಪಿತ್ತದ ಚೀಲ ತೆಗೆದರು. ಹನ್ನೊಂದು ಹರಳು. ಬಾಟಲಿಯಲ್ಲಿ ಹಾಕಿ ಕೊಟ್ಟರು. ಆ ಖರ್ಜೂರದ ಮುದುಕಿ ನೋಡಲು ಬಂದು, ಇನ್ನು ಸಾಕು ಎನ್ನುವ ಹಾಗೆ ಬಾಟಲಿ ಅಲ್ಲಾಡಿಸಿ, ಗಿಂಡಿ ಕೆಳಗಿಟ್ಟಳು. ಆಗ ಮಾತ್ರ ಸ್ವಲ್ಪ ನಕ್ಕೆ.

ಲಿಂಗಸುಗೂರು

ಊರಿಗೆ ಬಂದು ನಾಲ್ಕನೆಯ ದಿನ ಲಿಂಗಸುಗೂರಿನ ಬಸ್ಸು ಹತ್ತಿದೆ. ಮಸ್ಕತ್ತಿಗಿಂತ ಇದು ದೂರ ಅನ್ನಿಸಿತು. ಸರೋಜಮ್ಮನವರು ನಿವೃತ್ತಿಯಾಗಿ ಅಲ್ಲೇ ಬಾಡಿಗೆ ಮನೆಯಲ್ಲಿದ್ದರು. ಕಚೇರಿಗಳ ಹಿಂದಿನ ಓಣಿ. ಬಾಗಿಲಲ್ಲಿ ಕುಳಿತು ಮೊರದಲ್ಲಿ ತೊಗರಿ ಆರಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಯಾರು?"

"ನಾ ರೀ ನರ್ಸಮ್ಮಾರ. ದುರುಗಮ್ಮ. ಭಜಿ ದುರುಗಮ್ಮ."

ಕೈ ನಿಲ್ಲಲಿಲ್ಲ. ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. "ಕೂಡು. ಶರಣಮ್ಮ ಆರಾಮ ಅದಾಳ?"

"ಅದಾಳ್ರಿ. ಕೆಲಸದಾಗ ದೊಡ್ಡ ಹುದ್ದೆ ಕೊಟ್ಟಾರಂತ."

"ಛಲೋ ಆತು. ಆಕಿ ಕೈ ಮ್ಯಾಲೆ ಮೊದ್ಲಿಂದ ಭರವಸೆ ಇತ್ತು ನನಗ."

ನಾನು ಸ್ಕ್ಯಾನಿಂಗ್ ಫೋಟೋ ತೆಗೆದು ಅವರ ಮೊರದ ಅಂಚಿಗೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು ನೋಡಿದರು. ನರ್ಸಿನ ಕಣ್ಣಿನಿಂದ ನೋಡಿದರು.

"ಹರಳು. ಎಷ್ಟು ಬಂದ್ವು?"

"ಹನ್ನೊಂದ್ರಿ."

"ಕರಿವೇನು, ಹಳದಿವೇನು?"

"ಹಳದಿ."

"ಎಣ್ಣಿದು ಕಡಿಮಿ ಮಾಡು," ಎಂದರು. "ಚಿತ್ರ ಭಾಳ ಸ್ವಚ್ಛ ಬಂದೈತಿ. ನಿನ್ನಂಥ ಹೊಟ್ಟಿಯೊಳಗ ಇಷ್ಟು ಸ್ವಚ್ಛ ನಾ ನೋಡಿಲ್ಲ."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹೋಗಿದ್ದವು. "ಕತ್ತರಿ ಇರಲಿಲ್ರಿ," ಎಂದೆ. "ನಾ ಸುಳ್ಳು ಹೇಳಿದ್ದೆ. ಡಾಕ್ಟ್ರು ಇರಬೌದು, ಇಲ್ಲದಿರಬೌದು ಅಂದಿದ್ರು. ನಾ ಅರ್ಧ ಹೇಳಿದೆ. ಪುಸಲಾಯಿಸಿ ಒಯ್ದಿರಿ ಅಂದದ್ದೂ ಸುಳ್ಳು."

ಅವರು ಫೋಟೋ ಮಡಿಸಿ ನನ್ನ ಕೈಗೇ ಕೊಟ್ಟರು.

"ಇದನ್ನ ನನಗ್ಯಾಕ ತೋರಸ್ತಿ ದುರುಗಮ್ಮ? ನನಗ ಆವತ್ತ ಗೊತ್ತಿತ್ತು. ಕೊಯ್ದೋರು ಡಾಕ್ಟ್ರು. ನಾ ಆ ಖೋಲಿಯೊಳಗ ಕಾಲೇ ಇಟ್ಟಿರಲಿಲ್ಲ. ನಿನ್ನ ಸಣ್ಣ ಕೂಸು ಅಳಾಕತ್ತಿತ್ತು. ಅದನ್ನ ಎತ್ತಿಕೊಂಡು ಬೇವಿನ ಗಿಡದ ಬುಡಕ ನಿಂತಿದ್ದೆ. ಎಚ್ಚರಾದ ಮ್ಯಾಲೆ ನೀನೇ ನನ್ನ ಕೈಯಿಂದ ಇಸಗೊಂಡಿ."

ನಿಜ. ನಾನೇ ಇಸಿದುಕೊಂಡಿದ್ದೆ. ಅವರ ಸೀರೆಯ ಮೇಲೆ ಕೂಸು ಹೇತಿತ್ತು. ಅದೂ ನೆನಪಿತ್ತು ನನಗೆ, ಇಷ್ಟು ವರ್ಷವೂ.

"ತೋರಸೂದಿದ್ರ ಊರಿಗೆ ತೋರಸು," ಎಂದು ಅವರು ಮತ್ತೆ ಮೊರ ಎತ್ತಿಕೊಂಡರು. ಬೈಯಲಿಲ್ಲ. ಇರಲಿ ಬಿಡು ಎಂದೂ ಅನ್ನಲಿಲ್ಲ. ಚಹಾ ಕುಡಿಯುತ್ತೀಯಾ ಎಂದು ಕೇಳಲಿಲ್ಲ. ನಮ್ಮ ಕಡೆ ಮನೆಗೆ ಬಂದ ಶತ್ರುವಿಗೂ ಚಹಾ ಕೇಳುತ್ತಾರೆ.

ನಮ್ಮ ಊರು

ತೋರಿಸಿದೆ. ಕೂಸುಗಳಿಗೆ ಸೂಜಿ ಹಾಕುವ ದಿನ ಹೆಂಗಸರೆಲ್ಲ ಸೇರಿದ್ದರು. ಕಟ್ಟೆ ಹತ್ತಿ ಎಲ್ಲ ಹೇಳಿದೆ. ಅತ್ತೆಯ ಬಡಿಗೆಯಿಂದ ಹಿಡಿದು ಮಸ್ಕತ್ತಿನ ತನಕ, ಒಂದೂ ಬಿಡದೆ ಹೇಳಿದೆ. ಫೋಟೋ ಕೈಯಿಂದ ಕೈಗೆ ಹೋಯಿತು, ಕೆಲವರು ತಲೆಕೆಳಗಾಗಿ ಹಿಡಿದರು.

"ಏನೈತಿ ಬೇ ಇದರಾಗ, ಬರೀ ಕರಿ ಬಿಳಿ," ಎಂದಳೊಬ್ಬಳು.

"ಮಗಳು ನರ್ಸು. ತನ್ನ ಕಸಬಿನೋರ್ನ ಬಿಟ್ಟುಕೊಡ್ತಾಳೇನು?" ಎಂದಳು ಇನ್ನೊಬ್ಬಳು.

ನಾನು ಸೆರಗು ಸರಿಸಿ ನಾಲ್ಕು ತೂತಿನ ಗುರುತು ತೋರಿಸಿದೆ, ಹರಳಿನ ಬಾಟಲಿ ತೋರಿಸಿದೆ. ಗಂಗವ್ವ ಬಾಟಲಿ ಇಸಿದುಕೊಂಡು ಬಿಸಿಲಿಗೆ ಹಿಡಿದಳು. ಬಹಳ ತಿಳಿದವಳ ಹಾಗೆ ತಲೆ ಆಡಿಸಿದಳು.

"ಕತ್ತರಿ ಇದ್ದಲ್ಲೇ ಹರಳು ಕಟ್ಟಿರಬೇಕು. ಕತ್ತರಿ ಅಲ್ಲೇ ಇಟಗೊಂಡು ಹರಳು ಇಷ್ಟು ಕೊಟ್ಟು ಕಳಿಸ್ಯಾರ."

ಸಂಜೆಯ ಒಳಗೆ ಊರೆಲ್ಲ ಅದೇ ಮಾತು. ದುರುಗಮ್ಮ ಮಸ್ಕತ್ತಿಗೆ ಹೋಗಿ ಕತ್ತರಿ ತಗಸಿಕೊಂಡು ಬಂದಾಳ. ಮಸ್ಕಿಯಲ್ಲಿ ಭಜಿ ತಿನ್ನಲು ಬಂದವರು ಕತ್ತರಿ ಎಷ್ಟುದ್ದ ಇತ್ತು ಎಂದು ಕೇಳುತ್ತಾರೆ. ಇರಲಿಲ್ಲ ಎಂದರೆ, ಪಾಪ, ದೊಡ್ಡ ಮನಸ್ಸು ಮುದುಕಿಯದು, ನರ್ಸಮ್ಮನನ್ನು ಉಳಿಸಲು ನೋಡುತ್ತಿದ್ದಾಳೆ ಅನ್ನುತ್ತಾರೆ. ಸುಳ್ಳು ಹೇಳಿದಾಗ ಅತ್ತೆ ತಲೆ ಸವರಿದಳು. ನಿಜ ಹೇಳಿದರೆ ಊರೇ ಸವರುತ್ತಿದೆ.

ಅದಕ್ಕೆ ಇದನ್ನು ಬರೆದೆ. ಬರೆದ ಮಾತು ಇಟ್ಟಲ್ಲೇ ಇರುತ್ತದೆ ಎಂದು ತರಗತಿಯಲ್ಲಿ ಹೇಳಿದ್ದರು. ನನ್ನ ಹೊಟ್ಟೆಯಲ್ಲಿ ಕತ್ತರಿ ಇರಲಿಲ್ಲ. ಸರೋಜಮ್ಮನವರು ಆ ಕೋಣೆಯ ಒಳಗೆ ಬಂದಿರಲಿಲ್ಲ. ಬೇವಿನ ಮರದ ಕೆಳಗೆ ನನ್ನ ಕೂಸನ್ನು ಎತ್ತಿಕೊಂಡು ನಿಂತಿದ್ದರು. ನೀವು ಯಾರಿಗಾದರೂ ಇದನ್ನು ಹೇಳುವುದಾದರೆ ಪೂರ್ತಿ ಹೇಳಿರಿ, ಅರ್ಧ ಒಯ್ಯಬೇಡಿ.